ಮ್ಯೂನಿಕ್‌ನಲ್ಲಿ ಪ್ರವಾಸಿಗರ ಕೂಟ: ಉದ್ಯಾನವೋ, ಹಾಫ್‌ಬ್ರಾಯ್‌ಹೌಸೋ?

ಇಪ್ಪತ್ತು ಪ್ರವಾಸಿಗರು ಸೇರಲು ಇಂಗ್ಲಿಷರ್ ಗಾರ್ಟನ್ ಉದ್ಯಾನದಲ್ಲಿ ಚೀನೀ ಗೋಪುರದ ಬುಡದಲ್ಲಿರುವ ಬಯಲು ಬಿಯರ್ ಗಾರ್ಡನ್ ಒಳ್ಳೆಯದೋ, ಹಳೆಯ ಬಿಯರ್ ಭವನವಾದ ಹಾಫ್‌ಬ್ರಾಯ್‌ಹೌಸೋ ಎಂದು ಕೇಳಿದ್ದೀರಿ.

ಜೇಬಿಗೆ ಉದ್ಯಾನವೇ ಹಗುರ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಹಳೆಯ ರೂಢಿಯಂತೆ ಪಾನೀಯ ಅಲ್ಲಿಯೇ ಕೊಳ್ಳಬೇಕು, ಬುತ್ತಿ ಮಾತ್ರ ನಿಮ್ಮದೇ ತರಬಹುದು. ಮೇಜುಬಟ್ಟೆ ಹಾಸಿದ ಕಡೆ ಡಬ್ಬಿ ಬಿಚ್ಚಬೇಡಿ. ಅದು ಮಾಣಿಗಳು ಬಡಿಸುವ ಜಾಗ. ಬರಿಯ ಮರದ ಮೇಜುಗಳಲ್ಲಿ ಪುಳಿಯೋಗರೆಗೂ ತಕರಾರಿಲ್ಲ. ಗುಂಪಿನಲ್ಲಿ ಸಸ್ಯಾಹಾರಿಗಳಿದ್ದರೆ ನನ್ನ ಮಟ್ಟಿಗೆ ಚರ್ಚೆ ಇಲ್ಲಿಗೇ ಮುಗಿಯಿತು. ಲೋಟಕ್ಕೆ ಕೊಟ್ಟ ಠೇವಣಿ, ಅದನ್ನು ಮರಳಿಸಿದಾಗ ವಾಪಸು ಸಿಗುತ್ತದೆ. ಸುಮಾರು 7,000 ಮಂದಿ ಕೂರುವಷ್ಟು ಜಾಗವಿದೆ. ತಡವಾಗಿ ಬಂದವರನ್ನೂ ಬೆಂಚಿಗೆ ಸೇರಿಸಿಕೊಳ್ಳಬಹುದು.

ಮಳೆ ಬಂದರೆ ಲೆಕ್ಕ ತಲೆಕೆಳಗು. ಆಗ ಸೂರು ಬೇಕು. 1589ರಲ್ಲಿ ಶುರುವಾದ ಹಾಫ್‌ಬ್ರಾಯ್‌ಹೌಸ್ ಚಳಿಗಾಲಕ್ಕೂ ಒಗ್ಗುತ್ತದೆ. ನಗರದ ನಡುವಿನ ಮರಿಯನ್‌ಪ್ಲಾಟ್ಸ್ ಚೌಕದಿಂದ ಕೆಲವೇ ನಿಮಿಷದ ನಡಿಗೆ, ಹಾಗಾಗಿ ಅಂದೇ ಊರಿಗೆ ಬಂದಿಳಿದವರೂ ದಾರಿ ತಪ್ಪುವುದಿಲ್ಲ. ಆದರೆ ನೆಲಮಹಡಿಯಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರ! ಮೊದಲ ಬಾರಿಗೆ ಭೇಟಿಯಾಗುವವರು ಪರಸ್ಪರ ಹೆಸರು ಕೇಳಿಸಿಕೊಳ್ಳುವುದೇ ಕಷ್ಟ. ಹಳೆಯ ಗೆಳೆಯರಿಗಾದರೆ ಆ ಗದ್ದಲವೇ ಮಜಾ.

ಬೇಸಿಗೆಯ ಕೂಟಕ್ಕೆ ಉದ್ಯಾನವನ್ನೇ ಗೊತ್ತುಮಾಡಿ, ಮೋಡ ಕಂಡರೆ ಎಲ್ಲಿ ಸೇರಬೇಕೆಂದೂ ಮೊದಲೇ ತಿಳಿಸಿ.