688 ಪುಟಕ್ಕೆ ಕೈಹೊಲಿಗೆ: ಸಂತೆಪೇಟೆಯ ಬೈಂಡಿಂಗ್ ಅಂಗಡಿ

ಹಾಸನದಲ್ಲಿ ಒಳ್ಳೆ ಬುಕ್ ಬೈಂಡಿಂಗ್ ಎಲ್ಲಿ ಮಾಡ್ತಾರೆ ಅಂತ ಕೇಳುವವರಿಗೆ ಇದು. ಸಂತೆಪೇಟೆ ಕಡೆ ಒಂದು ಸಂದಿಯಲ್ಲಿದೆ ಅಂಗಡಿ. ಬೋರ್ಡಿನ ಮೇಲೆ ಹೆಸರೇ ಇಲ್ಲ, ‘ಜೆರಾಕ್ಸ್, ಬುಕ್ ಬೈಂಡಿಂಗ್’ ಅಂತ ಮಾತ್ರ ಇದೆ. ಒಳಗೆ ಒಂದು ಪ್ರಿಂಟರ್, ಒಂದು ಕಟಿಂಗ್ ಮೆಷಿನ್, ಹೊಲಿಗೆ ಹಾಕಲು ಒಂದು ಮರದ ಚೌಕಟ್ಟು. ಯಜಮಾನರಿಗೆ ಅರವತ್ತು ದಾಟಿರಬೇಕು. ಅವರ ಮಗಳು ಪ್ರಿಂಟಿಂಗ್ ನೋಡಿಕೊಳ್ಳುತ್ತಾಳೆ.

ನಾನು ಬಿ.ಎಡ್. ಮಕ್ಕಳಿಗೆ ಶಿಕ್ಷಣದ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ವರ್ಷ ಅದೇ ಕಥೆ. 1854 ವುಡ್ಸ್ ಡಿಸ್ಪ್ಯಾಚ್ (ನಮ್ಮ ಶಿಕ್ಷಣಕ್ಕೆ ಇಂಗ್ಲಿಷರು ಹಾಕಿದ ಯೋಜನೆ), 1857 ಮದ್ರಾಸ್ ಯೂನಿವರ್ಸಿಟಿ, 1882 ಹಂಟರ್ ಶಿಕ್ಷಣ ಆಯೋಗ ಅಂತ ಮಕ್ಕಳು ಇಸವಿ ಉರು ಹೊಡೆಯುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ನಮಗೆ ಹೈಸ್ಕೂಲು ಹೇಗಿರಬೇಕು ಅಂತ ಹೇಳಿದ ಆ ಇಂಗ್ಲಿಷರ ಊರಲ್ಲಿ, ವಿಕ್ಟೋರಿಯಾ ರಾಣಿ ಕಾಲದಲ್ಲಿ, ಹೈಸ್ಕೂಲು ಹೇಗಿತ್ತು ಅನ್ನೋದು ನಮ್ಮ ಪಠ್ಯದಲ್ಲಿ ಅರ್ಧ ಪುಟವೂ ಇಲ್ಲ. ಅದಕ್ಕೇ ಈ ಸಲ ಮೂಲವನ್ನೇ ಓದೋಣ ಅಂತ, ಇಂಗ್ಲೆಂಡಿನ ಹೈಸ್ಕೂಲುಗಳನ್ನು ಪರಿಶೀಲಿಸಿದ ಟಾಂಟನ್ ಆಯೋಗದ ವರದಿಗೆ ಕೈ ಹಾಕಿದೆ. 1864ರಲ್ಲಿ ನೇಮಕವಾದ ಆಯೋಗ, 1868ರಲ್ಲಿ ವರದಿ. ಹಳೇ ಸಂಪುಟಗಳ ಸ್ಕ್ಯಾನ್ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಮೊಬೈಲ್‌ನಲ್ಲಿ ಆರುನೂರು ಪುಟ ಓದಲು ನನ್ನ ಕಣ್ಣಿಗೆ ಆಗಲ್ಲ.

ಮೊದಲು ಬೇರೆ ಕಡೆ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದ್ದೆ. ಎರಡೇ ವಾರಕ್ಕೆ ಅಂಚಿನ ತೂತುಗಳು ಹರಿದು ಹಾಳೆಗಳು ಬ್ಯಾಗಿನಲ್ಲಿ ಉದುರಿದವು. ಆ ದುಡ್ಡು ಹೋಯಿತು. ಆಮೇಲೆ ಸಹೋದ್ಯೋಗಿಯೊಬ್ಬರು ಈ ಸಂದಿ ತೋರಿಸಿದರು.

ಯಜಮಾನರು ನಾನು ತಂದ ಸ್ಪೈರಲ್ ಕಟ್ಟನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. “ಮೇಡಂ, ಇದನ್ನ ಟೇಬಲ್ ಮೇಲೆ ಬಿಚ್ಚಿಟ್ಟು ಓದ್ತೀರಾ, ಕೈಯಲ್ಲಿ ಹಿಡ್ಕೊಂಡಾ?” ಬಿಚ್ಚಿಟ್ಟು, ಪಕ್ಕದಲ್ಲಿ ನೋಟ್ಸ್ ಬರೆದುಕೊಳ್ಳುತ್ತೇನೆ ಅಂದೆ. ಹಾಗಾದರೆ ಪಕ್ಕದಿಂದ ಹೊಲಿದರೆ ಪ್ರಯೋಜನವಿಲ್ಲ, ಪುಸ್ತಕ ಪೂರ್ತಿ ತೆರೆದುಕೊಳ್ಳಲ್ಲ, ಫಾರಂ ಲೆಕ್ಕದಲ್ಲಿ ಹೊಸದಾಗಿ ಪ್ರಿಂಟ್ ಮಾಡಿ ನಡುವೆ ಹೊಲಿಯಬೇಕು ಅಂದರು. ಎ3 ಹಾಳೆ ನಾಲ್ಕು, ಎರಡೂ ಬದಿ ಪ್ರಿಂಟ್, ನಡುವೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಹಾಗೆ ಬರಬೇಕಾದರೆ ಮೊದಲ ಹಾಳೆಯಲ್ಲಿ 1ನೇ ಪುಟದ ಪಕ್ಕ 16 ಇರಬೇಕು, ಅದರ ಹಿಂಬದಿ 2 ಮತ್ತು 15. ಮಗಳು ಇದನ್ನೆಲ್ಲ ಕಂಪ್ಯೂಟರ್‌ನಲ್ಲಿ ಜೋಡಿಸಿದಳು. ಒಟ್ಟು 43 ಫಾರಂ. ಒಂದೇ ಬೈಂಡ್ ಆದರೆ ಭಾರಕ್ಕೆ ಬೆನ್ನು ಒಡೆಯುತ್ತದೆ ಅಂತ ಅವರೇ ಎರಡು ಭಾಗ ಮಾಡಿದರು.

ಹೊಲಿಯುವುದನ್ನು ಸ್ಟೂಲ್ ಮೇಲೆ ಕೂತು ಅರ್ಧ ಗಂಟೆ ನೋಡಿದೆ. ದಪ್ಪ ದಾರಕ್ಕೆ ಮೇಣ ಸವರುತ್ತಾರೆ. ಒಂದು ಫಾರಂ ಹೊಲಿದು, ಮೂಳೆಯ ಪಟ್ಟಿಯಿಂದ ಒತ್ತಿ, ಮುಂದಿನದನ್ನು ಅದರ ಮೇಲಿಟ್ಟು, ತುದಿಯಲ್ಲಿ ಕೆಳಗಿನ ದಾರಕ್ಕೆ ಗಂಟು ಹಾಕಿ ಮೇಲೆ ಬರುತ್ತಾರೆ. ಅಂಟು ಮೈದಾದ್ದು, ಅಲ್ಲೇ ಕುದಿಸಿದ್ದು. ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳ ಹತ್ತಬಾರದು ಅಂತ. ನಮ್ಮ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಅದೇ ಮೈಲುತುತ್ತ! ಮಳೆಗಾಲದಲ್ಲಿ ನಮ್ಮ ಮನೆಯ ಪುಸ್ತಕಗಳು ಬೂಷ್ಟು ಹಿಡಿದು ಹಾಳಾಗಿದ್ದನ್ನು ನೋಡಿ ಬೆಳೆದವಳು ನಾನು, ಈ ಚಿಟಿಕೆಯ ಬೆಲೆ ನನಗೆ ಗೊತ್ತು.

ಪುಸ್ತಕ ಈಗ ಎಲ್ಲಿ ತೆರೆದರೂ ಅಲ್ಲೇ ಸಪಾಟಾಗಿ ನಿಲ್ಲುತ್ತದೆ. ಹಾಗಾಗಿ ನಿಜವಾಗಲೂ ಓದಿದೆ.

ಏನಿದೆ ಅದರಲ್ಲಿ? ಈಟನ್, ಹ್ಯಾರೋ, ರಗ್ಬಿ ಥರದ ಒಂಬತ್ತು ದೊಡ್ಡ ಶಾಲೆಗಳನ್ನು ಕ್ಲಾರೆಂಡನ್ ಆಯೋಗ 1861ರಿಂದ 1864ರವರೆಗೆ ಮೊದಲೇ ನೋಡಿಯಾಗಿತ್ತು. ಅಲ್ಲಿ ಹುಡುಗರ ದಿನವೆಲ್ಲ ಲ್ಯಾಟಿನ್ ಮತ್ತು ಗ್ರೀಕ್. ವಿಜ್ಞಾನಕ್ಕೆ ಜಾಗವೇ ಇಲ್ಲ ಅನ್ನುವಷ್ಟು ಕಡಿಮೆ. ಟಾಂಟನ್ ಆಯೋಗ ನೋಡಿದ್ದು ಉಳಿದವನ್ನು, ಮುಖ್ಯವಾಗಿ ಹಿಂದಿನವರು ಬಿಟ್ಟುಹೋದ ದತ್ತಿಯಿಂದ ನಡೆಯುತ್ತಿದ್ದ ಗ್ರಾಮರ್ ಸ್ಕೂಲುಗಳನ್ನು. 1805ರಲ್ಲಿ ಲೀಡ್ಸ್ ಶಾಲೆಯ ಕೇಸಿನಲ್ಲಿ, ಗ್ರಾಮರ್ ಸ್ಕೂಲ್ ಅಂದರೆ ಲ್ಯಾಟಿನ್, ಗ್ರೀಕ್ ಕಲಿಸುವ ಶಾಲೆ, ದತ್ತಿಯ ದುಡ್ಡು ಅದಕ್ಕೇ ಅನ್ನೋ ಅರ್ಥದಲ್ಲಿ ನ್ಯಾಯಾಧೀಶ ಎಲ್ಡನ್ ಹೇಳಿಬಿಟ್ಟಿದ್ದರು. ಊರಿನ ವ್ಯಾಪಾರಿಗೆ ಮಗ ಲೆಕ್ಕ, ಫ್ರೆಂಚ್ ಕಲಿಯಲಿ ಅನ್ನೋ ಆಸೆ. ದತ್ತಿ ಪತ್ರದಲ್ಲಿ ಲ್ಯಾಟಿನ್. ಬೇರೆ ವಿಷಯ ಸೇರಿಸಲು ದಾರಿ ಮಾಡಿದ್ದು 1840ರ ಕಾಯ್ದೆ, ಆದರೂ ಎಷ್ಟೋ ಕಡೆ ಏನೂ ಬದಲಾಗಿರಲಿಲ್ಲ.

ಆಡಳಿತ ಎಷ್ಟು ಕೆಟ್ಟಿತ್ತು ಅಂದರೆ, ಆಕ್ಸ್‌ಫರ್ಡ್‌ಶೈರ್‌ನ ಥೇಮ್ ಊರಿನ ಶಾಲೆಗೆ ಆಯೋಗದ ಅಧಿಕಾರಿ ಹೋದಾಗ ಇಬ್ಬರು ಮೇಷ್ಟ್ರು, ಒಬ್ಬ ಹುಡುಗ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು “ಮೇಡಂ, ಅವನು ರಜಾ ಹಾಕಿದ್ರೆ?” ಅಂದಳು. ಆಮೇಲಿನ ಒಂದು ಗಂಟೆ ದತ್ತಿ, ಆಡಳಿತ ಮಂಡಳಿ, ಹೆಡ್ ಮಾಸ್ಟರ್ ಅಧಿಕಾರ ಎಲ್ಲ ತಾನಾಗೇ ಚರ್ಚೆಗೆ ಬಂತು. ಈಟನ್ ಥರದ ದೊಡ್ಡ ಶಾಲೆಗಳಿಗೆ ಬಂದ 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆಯಲ್ಲಿ ಸಹಾಯಕ ಮೇಷ್ಟ್ರುಗಳನ್ನು ಇಟ್ಟುಕೊಳ್ಳುವುದು, ತೆಗೆಯುವುದು ಹೆಡ್ ಮಾಸ್ಟರ್ ಕೈಯಲ್ಲಿ, ಹೆಡ್ ಮಾಸ್ಟರ್‌ನನ್ನು ತೆಗೆಯುವುದು ಮಂಡಳಿ ಕೈಯಲ್ಲಿ. ಇದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗೇ ಇಲ್ಲ, ಅವರಲ್ಲಿ ಅರ್ಧ ಜನ ಖಾಸಗಿ ಶಾಲೆಗಳಲ್ಲಿ ಪಾಠ ಮಾಡಿ ಬಂದವರು.

ನನ್ನನ್ನು ತುಂಬ ಕಾಡಿದ್ದು ಮೂರು ದರ್ಜೆಯ ವಿಷಯ. ಶಾಲೆಗಳನ್ನು ಮೂರು ಮಾಡಿ ಅಂತ ಆಯೋಗ ಹೇಳಿತು. 18, 19ರವರೆಗೆ ಓದಿ ಯೂನಿವರ್ಸಿಟಿಗೆ ಹೋಗುವವರದ್ದು ಒಂದು. 16ಕ್ಕೆ ಬಿಡುವವರದ್ದು ಇನ್ನೊಂದು. 14ಕ್ಕೆ ಬಿಡುವ ಸಣ್ಣ ರೈತರ, ಅಂಗಡಿಯವರ ಮಕ್ಕಳದ್ದು ಮೂರನೆಯದು. ಮಗುವಿಗೆ ಎಷ್ಟು ಬುದ್ಧಿ ಇದೆ ಅಂತಲ್ಲ, ಅಪ್ಪ ಎಷ್ಟು ವರ್ಷ ಓದಿಸಬಲ್ಲ ಅಂತ ಪಠ್ಯ ನಿರ್ಧಾರ! ಅದರ ಮುಂದೆ ಹಂಟರ್ ಆಯೋಗ ಇಟ್ಟು ನೋಡಿದೆ. ಅವರು ನಮ್ಮ ಹೈಸ್ಕೂಲಿಗೆ ಎರಡು ದಾರಿ ಸೂಚಿಸಿದ್ದರಲ್ವಾ, ಯೂನಿವರ್ಸಿಟಿ ಪ್ರವೇಶ ಪರೀಕ್ಷೆಗೆ ಒಂದು, ವ್ಯಾಪಾರ ಮತ್ತಿತರ ಕೆಲಸಕ್ಕೆ ಇನ್ನೊಂದು. ಹದಿನೈದು ವರ್ಷ ಆ ಪಾಠ ಮಾಡಿದ್ದರೂ ಎರಡನ್ನೂ ಅಕ್ಕಪಕ್ಕ ಇಟ್ಟು ಯೋಚಿಸಿದ್ದು ಇದೇ ಮೊದಲು.

ಸರಿ, ಅಂಗಡಿಯ ವಿಷಯಕ್ಕೆ ಬರುತ್ತೇನೆ. ಪ್ರಿಂಟ್ ಎ3 ಹಾಳೆಗೆ 8 ರೂಪಾಯಿ, 172 ಹಾಳೆಗೆ 1,376. ಕ್ಯಾಲಿಕೋ ಬಟ್ಟೆಯ ಬೈಂಡಿಂಗ್ ಭಾಗಕ್ಕೆ 350ರಂತೆ 700. ಒಟ್ಟು 2,076. ಕಡಿಮೆಯಲ್ಲ, ಆದರೆ ಕೆಲಸ ನೋಡಿದರೆ ಜಾಸ್ತಿ ಅಂತಲೂ ಹೇಳಲಾರೆ.

ತೊಂದರೆಗಳೂ ಇವೆ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ ಮಾಡಿದರು. ಹಾಸನಾಂಬೆ ಬಾಗಿಲು ತೆಗೆದ ಸಮಯ, ಊರೆಲ್ಲ ಜನ, ಸರಕು ಬಂದಿಲ್ಲ ಅಂದರು. ಇರಬಹುದು, ಆದರೆ ಒಂದು ಫೋನ್ ಮಾಡಬಹುದಿತ್ತು. ನಾನು ಎರಡು ಸಲ ಸುಮ್ನೆ ಬಸ್ ಹತ್ತಿ ಬಂದು ವಾಪಸ್ ಹೋದೆ. ಇನ್ನೊಂದು, ಎರಡನೇ ಭಾಗದಲ್ಲಿ ಒಂದು ಫಾರಂ ತಲೆಕೆಳಗಾಗಿತ್ತು. ತೋರಿಸಿದಾಗ ಯಜಮಾನರ ಮುಖ ಸಪ್ಪೆಯಾಯಿತು. ಮಾತಾಡದೆ ರಟ್ಟು ಬಿಡಿಸಿ, ದಾರ ಕತ್ತರಿಸಿ, ಇಡೀ ಭಾಗವನ್ನು ಹೊಸದಾಗಿ ಹೊಲಿದರು. ದುಡ್ಡು ತಗೊಳ್ಳಲಿಲ್ಲ.

ಆ ದಿನ ಕಾಯುವಾಗ ಅವರ ಮೇಜಿನ ಮೇಲೆ ಯಾವುದೋ ಹೈಸ್ಕೂಲಿನ ಹಳೇ ದಾಖಲಾತಿ ಪುಸ್ತಕ ಇತ್ತು. ಅಂಚು ಪುಡಿಪುಡಿ. ಮಗುವಿನ ಹೆಸರು, ತಂದೆಯ ಹೆಸರು, ತಂದೆಯ ಕೆಲಸ, ಬಿಟ್ಟ ತಾರೀಖು. ಹರಿದ ಅಂಚಿಗೆ ತೆಳು ಕಾಗದ ಅಂಟಿಸಿ, ಒಂದಕ್ಷರವೂ ಮುಚ್ಚದ ಹಾಗೆ ಬೆರಳಲ್ಲಿ ತೀಡುತ್ತಿದ್ದರು. ಜಿಲ್ಲೆಯ ಹೆಡ್ ಮಾಸ್ಟರ್‌ಗಳೇ, ನಿಮ್ಮ ಬೀರುವಿನಲ್ಲಿ ಇಂಥವು ಇದ್ದರೆ ದಯವಿಟ್ಟು ಗೋಣಿಚೀಲಕ್ಕೆ ತುಂಬಬೇಡಿ. ಇವರ ಹತ್ತಿರ ತನ್ನಿ.

ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ. ಗಾಡಿ ಸಂದಿಯೊಳಗೆ ಹೋಗಲ್ಲ. ನಡುಹೊಲಿಗೆ ಬೇಕು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಪಕ್ಕದ ಹೊಲಿಗೆ ಹಾಕುತ್ತಾರೆ. ನಾನು ಮುಂದಿನ ಸಂಪುಟವನ್ನೂ ಕೊಟ್ಟು ಬಂದಿದ್ದೇನೆ. ಲಂಡನ್ನಿನಲ್ಲಿ 1850ರಲ್ಲಿ ಹುಡುಗಿಯರ ಶಾಲೆ ತೆರೆದ ಫ್ರಾನ್ಸಿಸ್ ಬಸ್ ಅನ್ನೋ ಶಿಕ್ಷಕಿ, ಆ ಗಂಡಸರ ಆಯೋಗದ ಮುಂದೆ ಕೂತು ಹೇಳಿದ ಸಾಕ್ಷ್ಯ ಇರುವ ಸಂಪುಟ ಅದು.