ಲಾಂಗ್‌ಇಯರ್‌ಬ್ಯೂನ್‌ನ ಪಳೆಯುಳಿಕೆ ನಡಿಗೆ: ಕಲ್ಲು ಒಡೆಯುವ ಇಳಿಜಾರಿಗೆ ಹತ್ತೇ ನಿಮಿಷ ಸಾಲದು

ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಮುಖ್ಯ ಊರು ಲಾಂಗ್‌ಇಯರ್‌ಬ್ಯೂನ್, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಊರಿನ ಹಿಂದಿನ ಕಣಿವೆಯಲ್ಲಿರುವ ಲಾಂಗ್‌ಇಯರ್‌ಬ್ರೇನ್ ಹಿಮನದಿಯ ಬುಡಕ್ಕೆ ಕರೆದೊಯ್ದು, ಅದು ಹೊತ್ತು ತಂದು ಸುರಿದ ಕಲ್ಲುರಾಶಿಯಲ್ಲಿ ಎಲೆಗಳ ಪಳೆಯುಳಿಕೆ ಹುಡುಕಿಸುವ ಅರ್ಧ ದಿನದ ನಡಿಗೆಯೊಂದಕ್ಕೆ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಹೋಗಿದ್ದೆವು. ಹತ್ತು ಜನರ ಗುಂಪು. ಹಿಮಕರಡಿಯ ಭಯವಿರುವುದರಿಂದ ಗೈಡ್ ಹೆಗಲಿಗೆ ಬಂದೂಕು ಹಾಕಿಕೊಂಡೇ ನಡೆಯುತ್ತಿದ್ದರು. ಸುರಕ್ಷತೆ, ಸಮಯಪಾಲನೆ, ನಡುವೆ ಕೊಟ್ಟ ಕಪ್ಪು ಕರಂಟ್ ಹಣ್ಣಿನ ಬಿಸಿ ಪಾನಕ, ಇವೆಲ್ಲದರಲ್ಲೂ ಏರ್ಪಾಡು ಚೆನ್ನಾಗಿತ್ತು.

ಪಳೆಯುಳಿಕೆಗಳು ನಿಜವಾಗಿಯೂ ಸಿಗುತ್ತವೆ. ಐದಾರು ಕೋಟಿ ವರ್ಷಗಳ ಹಿಂದೆ ಇಲ್ಲಿ ಕಾಡಿತ್ತು; ಅದರ ಎಲೆಗಳು ಮರಳುಗಲ್ಲಿನ ಪದರಗಳ ನಡುವೆ ನರನರವೂ ಕಾಣುವಂತೆ ಅಚ್ಚೊತ್ತಿವೆ. ಆದರೆ ನನ್ನ ಮಟ್ಟಿಗೆ ಈ ನಡಿಗೆಯ ನಿಜವಾದ ಸೊತ್ತು ದಾರಿಯ ಪಕ್ಕದಲ್ಲೇ ಇತ್ತು. ಕಣಿವೆಯ ಎರಡೂ ಬದಿಯ ಬೆಟ್ಟಗಳಿಂದ ಒಡೆದ ಕಲ್ಲು ಸುರಿದು ಬಿದ್ದು, ಕಣದಲ್ಲಿ ಧಾನ್ಯ ರಾಶಿ ಹಾಕಿದಂತೆ ನಿಂತಿರುವ ಇಳಿಜಾರುಗಳವು. ಶೀತಪ್ರದೇಶದಲ್ಲಿ ಶಿಲೆ ಹೇಗೆ ಶಿಥಿಲವಾಗುತ್ತದೆ ಎಂಬುದನ್ನು ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ಪಳೆಯುಳಿಕೆಗೆ ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟವರು ಇದಕ್ಕೆ ಕೊಟ್ಟದ್ದು ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ನಾನು ಕೂತು ನೋಡಿದ್ದು ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಲ್ಲು. ಅದು ಏಳು ಬಿಲ್ಲೆಗಳಾಗಿ ಸೀಳಿಹೋಗಿತ್ತು, ಆದರೂ ಒಂದು ಬಿಲ್ಲೆಯೂ ಬಿದ್ದಿರಲಿಲ್ಲ. ಕತ್ತರಿಸಿಟ್ಟ ಬ್ರೆಡ್ಡಿನ ಹಾಗೆ ಸಾಲಾಗಿ ನಿಂತಿದ್ದವು. ನಡುವಿನ ಸಂದುಗಳಲ್ಲಿ ಬೆರಳ ತುದಿ ಹೋಗುವಷ್ಟು ಜಾಗ, ಅದರಲ್ಲಿ ಒಂದಿಷ್ಟು ಹಸಿ ಪಾಚಿ. ಹೊರಮೈಮೇಲೆ ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದೇ ಆದ ಕಿತ್ತಳೆ ಮತ್ತು ಕಪ್ಪು ಬಣ್ಣದ ಚಕ್ಕೆಗಳು. ಅವು ಬೆಳೆಯುವುದು ಬಹಳ ನಿಧಾನವಾದ್ದರಿಂದ, ಅವಿರುವ ಮುಖ ಬಹುಕಾಲ ಅಲುಗದೆ ಬಿಸಿಲಿಗೆ ತೆರೆದುಕೊಂಡಿದೆ ಎಂದೂ, ಬೋಳಾಗಿರುವ ಮುಖ ಈಚೆಗೆ ಸೀಳಿದ್ದೆಂದೂ ಊಹಿಸಬಹುದು. ಈ ಮಾತನ್ನು ಹೇಳಿಕೊಟ್ಟವರು ಗೈಡ್. ಅದಕ್ಕೆ ಅವರಿಗೆ ಪೂರ್ಣ ಅಂಕ.

ಕೊರತೆ ಕಂಡದ್ದು ವಿವರಣೆಯಲ್ಲಿ. ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ, ಬಿರುಕು ಬಾಯಿಬಿಡುತ್ತದೆ, ಕಲ್ಲು ಒಡೆಯುತ್ತದೆ ಎಂದಷ್ಟೇ ಹೇಳಿ ಮುಂದೆ ನಡೆದರು. ತಪ್ಪಲ್ಲ, ಆದರೆ ಅರ್ಧ ಮಾತು. ಹಾಗಾಗಬೇಕಾದರೆ ಬಿರುಕು ನೀರಿನಿಂದ ಹೆಚ್ಚುಕಡಿಮೆ ತುಂಬಿರಬೇಕು, ಬಾಯಿಯೂ ಮುಚ್ಚಿರಬೇಕು; ಇಲ್ಲವಾದರೆ ಮಂಜುಗಡ್ಡೆ ಹೊರಗೆ ಉಬ್ಬಿಕೊಳ್ಳುತ್ತದೆ ಅಷ್ಟೆ. ಇದಲ್ಲದೆ ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಕೊನೆಯ ಭಾಗದವರೆಗೆ ಸೂರ್ಯ ಮುಳುಗದ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮೂಡದ ಊರಿನಲ್ಲಿ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆವರ್ತನೆ ಎಷ್ಟು ದಿನ ನಡೆದೀತು?

1930ರಲ್ಲಿ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಮಣ್ಣಿಗೆ ನೀರಿನ ಬದಲು ಬೆಂಜೀನ್ ಎಂಬ ದ್ರವ ತುಂಬಿ ಹೆಪ್ಪುಗಟ್ಟಿಸಿದ ಪ್ರಯೋಗವನ್ನು ವರದಿ ಮಾಡಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಕುಗ್ಗುತ್ತದೆ, ಆದರೂ ಮಣ್ಣು ಉಬ್ಬಿತು. ಉಬ್ಬಿಸುವುದು ಹಿಗ್ಗುವಿಕೆಯೊಂದೇ ಅಲ್ಲ, ಹೆಪ್ಪುಗಟ್ಟುತ್ತಿರುವ ಜಾಗಕ್ಕೆ ಸುತ್ತಲಿನ ದ್ರವ ಹರಿದು ಬಂದು ಸೇರುವುದು ಎಂದಾಯಿತು. ಶಿಲೆಯಲ್ಲೂ ಹೀಗೆಯೇ: ಸೊನ್ನೆಗಿಂತ ಕೆಳಗೂ ಕಣಗಳ ಮೈಗಂಟಿದ ತೆಳುವಾದ ನೀರಿನ ಪೊರೆ ಹೆಪ್ಪುಗಟ್ಟದೆ ಉಳಿದು, ಬಿರುಕಿನಲ್ಲಿರುವ ಮಂಜುಗಡ್ಡೆಯತ್ತ ಜಿನುಗುತ್ತದೆ, ಗಡ್ಡೆ ಬೆಳೆದು ಬಿರುಕನ್ನು ನಿಧಾನವಾಗಿ ಅಗಲಿಸುತ್ತದೆ. ಭೂವಿಜ್ಞಾನಿಗಳಾದ ಜೋಸೆಫ್ ವಾಲ್ಡರ್ ಮತ್ತು ಬರ್ನಾರ್ಡ್ ಹ್ಯಾಲೆಟ್ 1985ರಲ್ಲಿ ಲೆಕ್ಕ ಹಾಕಿ, ಮೈನಸ್ 4ರಿಂದ ಮೈನಸ್ 15 ಡಿಗ್ರಿ ಸೆಲ್ಸಿಯಸ್ ನಡುವೆ ಬಹುಕಾಲ ಉಳಿಯುವ ಚಳಿಯೇ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ ಎಂದು ತೋರಿಸಿದರು. ಸ್ವಾಲ್‌ಬಾರ್ಡ್‌ನಲ್ಲಿ ಬೇಸಿಗೆಯಲ್ಲಿ ಕರಗುವುದು ಮೇಲಿನ ಸುಮಾರು ಒಂದು ಮೀಟರ್ ನೆಲ ಮಾತ್ರ. ಅದರಡಿಯ ನಿತ್ಯಹಿಮದ ನೆಲ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಆದ್ದರಿಂದ ಮಳೆ, ಹಿಮ ಎರಡೂ ಕಡಿಮೆಯಿದ್ದರೂ ಕಲ್ಲಿಗೆ ನೀರಿನ ಕೊರತೆಯಿಲ್ಲ. ಇಷ್ಟನ್ನು ಹೇಳಲು ಗೈಡ್‌ಗೆ ಐದು ನಿಮಿಷ ಹೆಚ್ಚು ಬೇಕಾಗುತ್ತಿತ್ತು, ಮತ್ತು ಆ ಏಳು ಬಿಲ್ಲೆಯ ಕಲ್ಲು ಎಲ್ಲರಿಗೂ ಅರ್ಥವಾಗುತ್ತಿತ್ತು.

ಧ್ರುವಪ್ರದೇಶವೆಂದರೆ ಎಲ್ಲೆಡೆಯೂ ಇದೇ ಕಥೆಯಲ್ಲ. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಒಣಕಣಿವೆಗಳಲ್ಲಿ ದ್ರವರೂಪದ ನೀರು ಬಹಳ ವಿರಳ; ಅಲ್ಲಿ ಬಂಡೆಗಳನ್ನು ಕೊರೆಯುವುದರಲ್ಲಿ ಉಪ್ಪಿನ ಹರಳು ಮತ್ತು ಗಾಳಿ ಹೊತ್ತ ಮರಳಿನ ಪಾಲು ದೊಡ್ಡದು. ಬಿಸಿಲಿಗೆ ಕಾದ ಬಂಡೆಯ ಮೈ ತಟ್ಟನೆ ತಣಿದಾಗ ಹುಟ್ಟುವ ಒತ್ತಡವೂ ಕಲ್ಲನ್ನು ಸೀಳಬಲ್ಲದು. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವುದನ್ನು ಕಂಡ ಬೆಂಗಳೂರು ಸೀಮೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುತ್ತೂರಿನ ಕಡೆ ಮುರಕಲ್ಲಿನ ಗೋಡೆಗಳ ನಡುವೆ ಬೆಳೆದ ನನಗೆ ಮತ್ತೊಂದು ವಿಷಯ ಬಹಳ ಹಿಡಿಸಿತು. ನಮ್ಮಲ್ಲಿ ಬಿಸಿಯೂ ಮಳೆಯೂ ಸೇರಿ ಕಲ್ಲಿನ ಖನಿಜಗಳನ್ನೇ ಕರಗಿಸಿ ಮಾರ್ಪಡಿಸುತ್ತವೆ, ಉಳಿಯುವುದು ಕೆಂಪು ಕಬ್ಬಿಣದಂಶದ ಮುರಕಲ್ಲು. ಇಲ್ಲಿ ಕಲ್ಲು ಚೂರುಚೂರಾದರೂ ಬಹುಮಟ್ಟಿಗೆ ಅದೇ ಕಲ್ಲಾಗಿಯೇ ಉಳಿಯುತ್ತದೆ. ಬಿರುಕುಗಳೊಳಗೆ ಕಾಣುವ ಕಂದು ತುಕ್ಕಿನ ಗೆರೆಗಳು ರಾಸಾಯನಿಕ ಕ್ರಿಯೆ ಪೂರ್ತಿ ನಿಂತಿಲ್ಲವೆಂದು ಹೇಳುತ್ತವೆ, ಅದರ ಗತಿ ಮಾತ್ರ ಮಂದ. ಒಡೆದ ಬಿಲ್ಲೆಯ ಮೇಲೆ ಎಲೆಯ ನರ ಇಂದಿಗೂ ಸ್ಪಷ್ಟವಾಗಿ ಓದಸಿಗುವುದಕ್ಕೆ ಇದೂ ಒಂದು ಕಾರಣ.

ಹೋಗುವವರು ಕಣಕಾಲು ಮುಚ್ಚುವ ಗಟ್ಟಿ ಬೂಟು ಹಾಕಿಕೊಳ್ಳಿ; ಚೂಪು ಅಂಚಿನ ಕಲ್ಲುಗಳ ಮೇಲೆ ಓಡಾಟದ ಶೂ ನಡೆಯುವುದಿಲ್ಲ. ಹಿಮ ಕರಗಿ ನೆಲ ತೆರೆದುಕೊಂಡಿರುವ ಆಗಸ್ಟ್ ಸೂಕ್ತ. ಇಳಿಜಾರಿನ ಬುಡಕ್ಕೆ ಒಂಟಿಯಾಗಿ ಹೋಗಬೇಡಿ, ಮೇಲಿನಿಂದ ಕಲ್ಲು ಬೀಳುವುದು ನಿಂತಿಲ್ಲ. ಇಳಿಜಾರಿನ ಬಳಿ ಅರ್ಧ ಗಂಟೆ ಬೇಕೆಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಹಿಂದಿರುಗುವಾಗ ನಾವು ಕೇಳಿದ್ದಕ್ಕೆ ಗೈಡ್ ಬೇಸರಿಸದೆ ಹದಿನೈದು ನಿಮಿಷ ನಿಂತರು, ಅಷ್ಟು ಹೊತ್ತೂ ಗುಂಪಿನ ಹತ್ತೂ ಜನ ಕಲ್ಲುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು.