ಔಷಧಿ ಹೊಡೆಯುವ ಡ್ರೋನ್: ನಾಲ್ಕು ಮೋಟಾರಾ, ಆರಾ?

ಉಡುಪಿ ಕಡೆ ಡ್ರೋನ್ ಕೊಳ್ಳುವವರು ಮೊದಲು ಟ್ಯಾಂಕ್ ಎಷ್ಟು ಲೀಟರ್ ಅಂತ ಕೇಳುತ್ತಾರೆ. ನಾನಾದರೆ, ಮೇಲೆ ಹೋದಾಗ ಒಂದು ಮೋಟಾರು ನಿಂತರೆ ಏನಾಗುತ್ತದೆ ಅಂತ ಕೇಳುತ್ತೇನೆ. ಔಷಧಿ ಹೊಡೆಯುವ ವಿಮಾನದ ಎಂಜಿನ್ ಕೈಕೊಟ್ಟರೆ ಪೈಲಟ್ ಟ್ಯಾಂಕಿನಲ್ಲಿದ್ದದ್ದನ್ನು ಒಮ್ಮೆಲೇ ಸುರಿದು, ಹಗುರಾಗಿ, ರೆಕ್ಕೆಯ ಬಲದಲ್ಲಿ ತೇಲಿ ಎದುರಿನ ಬಯಲಿನಲ್ಲಿ ಇಳಿಸಲು ನೋಡುತ್ತಾನೆ. ಇಂಥ ಡ್ರೋನಿಗೆ ರೆಕ್ಕೆ ಎಲ್ಲಿದೆ?

ನಾಲ್ಕು ಮೋಟಾರಿನದ್ದು ಅಗ್ಗ, ರಿಪೇರಿಯೂ ಸುಲಭ. ಆದರೆ ಒಂದು ನಿಂತರೆ ಸಾಮಾನ್ಯವಾಗಿ ಮಗುಚಿ ಬೀಳುತ್ತದೆ. ಆರರದ್ದು, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಇದ್ದರೆ, ಉಳಿದ ಐದರಲ್ಲಿ ಗಿರಗಿರ ತಿರುಗುತ್ತಲಾದರೂ ಇಳಿಯಬಹುದು; ಟ್ಯಾಂಕ್ ತುಂಬಿದ್ದರೆ ಅದೂ ಕಷ್ಟ, ಹಾಗಾಗಿ ಮಾರುವವರ ಹತ್ತಿರ ಫುಲ್ ಟ್ಯಾಂಕಿನ ಲೆಕ್ಕವನ್ನೇ ಕೇಳಿ. ಬ್ಯಾಟರಿ ಸತ್ತರೆ ಎರಡೂ ಒಂದೇ, ಕಲ್ಲು ಬಿದ್ದ ಹಾಗೆ.

ಬರೀ ಭತ್ತದ ಗದ್ದೆಗಾದರೆ ನಾಲ್ಕು ಸಾಕು. ಎರಡು ಮೂರು ಮೀಟರ್ ಮೇಲಿಂದ ಕೆಸರಿಗೆ ಬೀಳುತ್ತದೆ, ಅಷ್ಟೇ ಅಲ್ವಾ? ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಲು ಅಡಿಕೆ ತೋಟದ ಮೇಲೆ ಹಾರಿಸುವುದಾದರೆ ಎತ್ತರ ಜಾಸ್ತಿ, ಪಕ್ಕದಲ್ಲೇ ಕರೆಂಟ್ ತಂತಿ, ಕೆಳಗೆ ಯಾರಾದರೂ ಇರಲೂಬಹುದು. ಅಲ್ಲಿ ಆರೇ ಇರಲಿ. ತೋಟ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ 8 ಕಿ.ಮೀ. ಒಳಗಿದ್ದರೆ ಯಾವುದನ್ನು ತಂದರೂ ಹಾರಿಸಲು ಮೊದಲು ಅನುಮತಿ ಬೇಕು.